ಮುಂಗಡ ನಮಸ್ಕಾರ

ಬೀಳಿಸಿರಿ ಎಂದು ಆ ಹುಡುಗಿ ಮೂರನೆಯ ಸಲ ಹೇಳಿದಳು. ಶಿವಶರಣಪ್ಪ ಮೂರನೆಯ ಸಲವೂ ಕೇಳಿಸದವನಂತೆ ಗಾಡಿಯ ಹ್ಯಾಂಡಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದ. ಕೇಳಿಸದೆ ಏನು, ಚೆನ್ನಾಗಿಯೇ ಕೇಳಿಸಿತ್ತು. ಅವಳು ಹಿಂದಿಯಲ್ಲಿ ಹೇಳಿದ್ದರೆ ಅರ್ಧ ಕಿವಿಗೆ ಹಾಕಿಕೊಂಡು ಅರ್ಧ ಬಿಟ್ಟುಬಿಡಬಹುದಿತ್ತು. ಹೈದರಾಬಾದಿನ ಇಪ್ಪತ್ತೆರಡು ವರ್ಷಗಳಲ್ಲಿ ಹಿಂದಿಯಲ್ಲೂ ತೆಲುಗಿನಲ್ಲೂ ಬೈಸಿಕೊಂಡು ಬೈಸಿಕೊಂಡು ಅವನಿಗೆ ಅದೊಂದು ಅಭ್ಯಾಸವಾಗಿಹೋಗಿತ್ತು. ಆದರೆ ಬೆಳಿಗ್ಗೆ ಹೆಸರು ಬರೆಸುವಾಗ ಊರು ಯಾವುದೆಂದು ಕೇಳಿ, ಲಿಂಗಸುಗೂರು ಎಂದು ಇವನು ಹೇಳಿದ್ದೇ ತಡ, ಅವಳು ಮುಖ ಅರಳಿಸಿ ತಮ್ಮದು ದೇವದುರ್ಗ ಎಂದು ಕನ್ನಡಕ್ಕೆ ಇಳಿದುಬಿಟ್ಟಿದ್ದಳು. ಆಗ ಅವನಿಗೂ ಸಂತೋಷವೇ ಆಗಿತ್ತು, ಊರಕಡೆಯವರು ಸಿಕ್ಕರಲ್ಲ ಎಂದು. ಈಗ ನೋಡಿದರೆ ಮನೆಮಾತಿನಲ್ಲಿ ಬರುವ ಬೈಗುಳಕ್ಕೆ ಅಡ್ಡ ಹಿಡಿಯಲು ಅವನ ಹತ್ತಿರ ಏನೇನೂ ಇರಲಿಲ್ಲ, ಅದು ನೇರ ಬಂದು ಎದೆಗೇ ತಾಗುತ್ತಿತ್ತು. ಹುಡುಗಿಯ ಹೆಸರು ಭಾಗ್ಯಶ್ರೀ. ಗುಡ್ಡ ಹತ್ತುವ ದೊಡ್ಡ ಮೋಟಾರ್‌ಸೈಕಲ್ಲುಗಳನ್ನು ಡಾಂಬರಿಲ್ಲದ ನೆಲದಲ್ಲಿ ಓಡಿಸುವುದನ್ನು ಭಾನುವಾರ ಭಾನುವಾರ ಕಲಿಸುತ್ತಾಳೆ. ಶಂಶಾಬಾದಿನ ಆಚೆ, ಸೈಟು ಮಾರಾಟವಾಗದೆ ಹಾಳುಬಿದ್ದ ಲೇಔಟು ಅವಳ ಶಾಲೆ. ಅಲ್ಲಿ ಮೊದಲನೆಯ ಪಾಠವೇ ಇದು: ನಿಮ್ಮ ಗಾಡಿಯನ್ನು ನೀವೇ ಬೀಳಿಸಬೇಕು.

ಒಂಬತ್ತು ವಾರದ ಗಾಡಿ. ಎತ್ತರದ, ಉದ್ದ ಮೂಗಿನ, ಇನ್ನೂರು ಕೆಜಿಯ ಗಾಡಿ. ಕುಷಾಯಿಗೂಡದ ಮನೆಯಿಂದ ಕಾರ್ಖಾನೆಗೆ ಎರಡು ಕಿಲೋಮೀಟರ್ ಹೋಗಿ ಬರುವುದಕ್ಕೆ ಇಂಥದ್ದು ಬೇಕಿತ್ತೇ ಎಂದು ಅಪಾರ್ಟ್‌ಮೆಂಟಿನವರು ಲಿಫ್ಟಿನಲ್ಲಿ ಕೇಳಿದ್ದರು. ಅದರ ಮೇಲೆ ಇದುವರೆಗೆ ಒಂದೇ ಒಂದು ಗೀರು ಇರಲಿಲ್ಲ. ಗೀರಿನ ವಿಷಯ ಶಿವಶರಣಪ್ಪನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಅವನ ಅನ್ನವೇ ಅದು. ಸರಕಾರಿ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಬಣ್ಣ ಬಳಿದುಕೊಂಡು ಬಂದ ಲೋಹದ ಪೆಟ್ಟಿಗೆಗಳನ್ನು ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿದು ನೋಡುವುದು, ಕೂದಲೆಳೆಯಷ್ಟು ಗೀರಿದ್ದರೂ ಕೆಂಪು ಚೀಟಿ ಅಂಟಿಸಿ ವಾಪಸ್ಸು ಕಳಿಸುವುದು. ಇಪ್ಪತ್ತೆರಡು ವರ್ಷ ಬೇರೆಯವರ ಗೀರು ಹುಡುಕಿದ ಮನುಷ್ಯ ತನ್ನ ಗಾಡಿಗೆ ತಾನೇ ಗೀರು ಹಾಕಬೇಕೆಂದರೆ ಎಂಥ ಅನ್ಯಾಯ. ಪಕ್ಕದಲ್ಲಿ ಆಶಿಷ್ ಎಂಬ ಮಾದಾಪುರದ ಹುಡುಗ, ಹೆಲ್ಮೆಟ್ಟಿನ ನೆತ್ತಿಗೆ ಪುಟ್ಟ ಕ್ಯಾಮರಾ ಅಂಟಿಸಿಕೊಂಡವನು, ತನ್ನ ಗಾಡಿಯನ್ನು ಹೋ ಎಂದು ಕೂಗುತ್ತ ದಬಾರೆಂದು ಕೆಡವಿ, ಅದರ ಪಕ್ಕ ನಿಂತು ಫೋಟೋ ಕೂಡ ತೆಗೆಸಿಕೊಂಡಾಗಿತ್ತು. ಕೊನೆಗೆ ಶಿವಶರಣಪ್ಪ ಕಣ್ಣು ಮುಚ್ಚಿಕೊಂಡು ಗಾಡಿಯನ್ನು ಎಡಕ್ಕೆ ವಾಲಿಸಿದ, ಇನ್ನಷ್ಟು ವಾಲಿಸಿದ, ಸೊಂಟ ಕಿರುಗುಟ್ಟಿತು, ಆದರೂ ಬಿಡದೆ ಬಗ್ಗುತ್ತ ಬಗ್ಗುತ್ತ ಹೋಗಿ ಮೊಣಕಾಲೂರಿ, ಕೂಸನ್ನು ತೊಟ್ಟಿಲಿಗೆ ಹಾಕುವಂತೆ ಅದನ್ನು ಮಣ್ಣಿನ ಮೇಲೆ ಇಟ್ಟ. ಇಡುವ ಮೊದಲು ಅಲ್ಲಿದ್ದ ಎರಡು ಕಲ್ಲುಗಳನ್ನು ಕಾಲಿನಿಂದ ಆಚೆ ಸರಿಸಿದ್ದನ್ನೂ ಎಲ್ಲರೂ ನೋಡಿದರು.

“ಕಾಕಾ, ಮಲಗಸಾಕ ಹೇಳಿಲ್ಲ, ಬೀಳಸಾಕ ಹೇಳೀನಿ,” ಎಂದಳು ಭಾಗ್ಯಶ್ರೀ.

ಈ ಕಾಕಾ ಬೇರೆ. ಬೆಳಿಗ್ಗೆ ಸರ್ ಆಗಿದ್ದವನು ಲಿಂಗಸುಗೂರು ಎನ್ನುತ್ತಲೇ ಕಾಕಾ ಆಗಿದ್ದ. ಅದಾದರೂ ಹೋಗಲಿ, ನಲವತ್ತೆಂಟು ವರ್ಷಕ್ಕೆ ಕಾಕಾ ಅನ್ನಿಸಿಕೊಳ್ಳುವುದರಲ್ಲಿ ತಪ್ಪೇನಿಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು; ಆದರೆ ಅದೇ ಹುಡುಗಿ, ಅದೇ ಉಸಿರಿನಲ್ಲಿ, ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಛತ್ರಿ ಹಿಡಿದು ಕೂತ ಸುವರ್ಣಾಳನ್ನು ಅಕ್ಕಾರ ಎಂದು ಕರೆದಿದ್ದಳು. ಹೆಂಡತಿ ಅಕ್ಕ, ಗಂಡ ಕಾಕಾ. ಇದು ಎಲ್ಲಿಯ ನೆಂಟಸ್ತಿಕೆ ಎಂದು ಅವನು ಹೆಲ್ಮೆಟ್ಟಿನ ಒಳಗೇ ಗೊಣಗಿಕೊಂಡ. ಸುವರ್ಣಾ ನಕ್ಕಳೋ ಇಲ್ಲವೋ ಕಾಣಲಿಲ್ಲ, ಛತ್ರಿ ಮಾತ್ರ ಸ್ವಲ್ಪ ಅಲುಗಿತು.

ಅವಳು ಬಂದಿರುವುದೇ ಪರೀಕ್ಷೆ ಮಾಡುವುದಕ್ಕೆ, ಅದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಸುವರ್ಣಾ ಅವನ ಗಾಡಿಯ ಹಿಂದೆ ಕೂತು ಹದಿನಾಲ್ಕು ವರ್ಷಗಳಾಗಿದ್ದವು. ಜಗಳವಲ್ಲ, ಶಪಥವಲ್ಲ, ಏನೂ ಇಲ್ಲ. ನೀವು ಹೋಗ್ರಿ, ನಾನು ಆಟೋದಲ್ಲಿ ಬರ್ತೀನಿ ಎಂಬ ಒಂದು ಮಾತು, ಅಷ್ಟೆ. ಮದುವೆಗೆ, ಆಸ್ಪತ್ರೆಗೆ, ಮಗಳ ಶಾಲೆಯ ಕಾರ್ಯಕ್ರಮಕ್ಕೆ, ಎಲ್ಲ ಕಡೆಗೂ ಅವನು ಸ್ಕೂಟರಿನಲ್ಲಿ ಮುಂದೆ, ಅವಳು ಆಟೋದಲ್ಲಿ ಹಿಂದೆ. ಹದಿನಾಲ್ಕು ವರ್ಷದ ಕೆಳಗೆ ಕುಷಾಯಿಗೂಡದ ಮಾರ್ಕೆಟ್ಟಿನ ತಿರುವಿನಲ್ಲಿ ಯಾರೋ ಮನೆ ಕಟ್ಟಿಸುವವರು ರಸ್ತೆಗೆ ಸುರುವಿದ್ದ ಉಸುಕಿನ ಮೇಲೆ ಅವನ ಸ್ಕೂಟರು ಜಾರಿತ್ತು. ಸ್ಕೂಟರು ಬೀಳಲಿಲ್ಲ. ಎರಡೂ ಕಾಲು ಊರಿ, ಹಲ್ಲು ಕಚ್ಚಿ ಅದನ್ನು ಅವನು ಹಿಡಿದು ನಿಲ್ಲಿಸಿಬಿಟ್ಟಿದ್ದ, ಆ ಮಟ್ಟಿಗೆ ಅದು ಅವನ ಸಾಮರ್ಥ್ಯವೇ ಸರಿ. ಸುವರ್ಣಾ ಮಾತ್ರ ಬಿದ್ದಳು. ತೊಟ್ಟಿಲ ಕಾರ್ಯಕ್ಕೆ ಹೋಗಿದ್ದವಳು ಹೊಸ ರೇಷ್ಮೆ ಸೀರೆಯಲ್ಲಿ ಉಸುಕಿನ ಮೇಲೆ ಕೂತಿದ್ದಳು. ಅಂದಿನಿಂದ ಅವಳಿಗೆ ಬೀಳುವ ಅಂಜಿಕೆ ಎಂದು ಅವನು ತಿಳಿದಿದ್ದ, ಊರಿಗೆಲ್ಲ ಹಾಗೆಯೇ ಹೇಳಿಕೊಂಡೂ ಬಂದಿದ್ದ. ಉಸುಕಿನಲ್ಲಿ ಜಾರದಂತೆ ಓಡಿಸುವುದನ್ನು ಕಲಿತುಬಿಟ್ಟರೆ ಅಂಜಿಕೆ ಹೋಗುತ್ತದೆ ಎಂದು ಈ ಕ್ಲಾಸಿಗೆ ಸೇರಿದ್ದು. ಒಂಬತ್ತು ವಾರ ಬೆನ್ನು ಹತ್ತಿ ಕೇಳಿದ ಮೇಲೆ, ಬರ್ತೀನಿ, ಮೊದಲು ನೋಡ್ತೀನಿ ಎಂದಿದ್ದಳು ಅವಳು. ಬಂದದ್ದು ಹೇಗೆ ಅಂತೀರಿ? ಇವನು ಗಾಡಿಯಲ್ಲಿ ಮುಂದೆ, ಅವಳು ಕ್ಯಾಬಿನಲ್ಲಿ ಹಿಂದೆ. ಒಂದೂವರೆ ತಾಸು ಕನ್ನಡಿಯಲ್ಲಿ ಆ ಬಿಳಿ ಕ್ಯಾಬು ಕಾಣುತ್ತಲೇ ಇತ್ತು, ಇವನ ಬೆನ್ನಿನ ಮೇಲೆ ಪೋಲೀಸಿನವರು ಕಣ್ಣಿಟ್ಟಂತೆ. ಸಂಜೆ ಅವಳು ಇವನ ಹಿಂದೆ ಕೂತು ಮನೆಗೆ ಬರುತ್ತಾಳೋ, ಮತ್ತೆ ಕ್ಯಾಬು ಹತ್ತುತ್ತಾಳೋ, ಶಿವಶರಣಪ್ಪನಿಗೆ ಈ ಹೊತ್ತು ಪ್ರಪಂಚದಲ್ಲಿ ಉಳಿದಿದ್ದು ಇದೊಂದೇ ಪ್ರಶ್ನೆ. ಆದ್ದರಿಂದ ಎರಡನೆಯ ಸಲ ಅವನು ಮುಖ ಆಚೆ ತಿರುಗಿಸಿ ಕೈ ಬಿಟ್ಟೇಬಿಟ್ಟ. ಬಿದ್ದ ಸದ್ದು ಬಂತು. ತಿರುಗಿ ನೋಡಿದರೆ ಎಡಗಡೆಯ ಕನ್ನಡಿಯ ಬೆನ್ನಿನಲ್ಲಿ, ಸರಿಯಾಗಿ ಎರಡು ಇಂಚಿನ ಗೀರು. ಕಾರ್ಖಾನೆಯಲ್ಲಾಗಿದ್ದರೆ ಆ ಪೆಟ್ಟಿಗೆಗೆ ಕೆಂಪು ಚೀಟಿ ಬೀಳುತ್ತಿತ್ತು.

ಬೀಳಿಸುವುದೇ ವಾಸಿ, ಎತ್ತುವುದು ಅದಕ್ಕಿಂತ ಕಷ್ಟ. ಗಾಡಿಗೆ ಬೆನ್ನು ಕೊಟ್ಟು ಕುಕ್ಕುರುಗಾಲಲ್ಲಿ ಕೂತು, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದು ಕೈಯಲ್ಲಿ ಹಿಂದಿನ ಸರಳು ಹಿಡಿದು, ತೊಡೆಯ ಬಲದಲ್ಲಿ ಹಿಂದಕ್ಕೆ ಹಿಂದಕ್ಕೆ ನಡೆಯಬೇಕು ಎಂದು ಭಾಗ್ಯಶ್ರೀ ತೋರಿಸಿದಳು. ನೋಡಲು ಕಡ್ಡಿಯಂತಿದ್ದ ಹುಡುಗಿ, ಆಕಳಿಸುವಷ್ಟು ಸಲೀಸಾಗಿ ಎತ್ತಿ ನಿಲ್ಲಿಸಿದಳು. ಶಂಶಾಬಾದಿನ ವಿಮಾನ ನಿಲ್ದಾಣ ಕಟ್ಟುವಾಗ ಅವಳ ಅಪ್ಪ ದೇವದುರ್ಗದಿಂದ ಕೂಲಿಯವರನ್ನು ಕರೆತಂದ ಮೇಸ್ತ್ರಿಯಂತೆ. ಇಲ್ಲೇ ತಗಡಿನ ಶೆಡ್ಡಿನಲ್ಲಿ ಬೆಳೆದವಳು, ಹನ್ನೊಂದನೆಯ ವಯಸ್ಸಿಗೇ ಜಲ್ಲಿ ರಾಶಿಗಳ ನಡುವೆ ಅಪ್ಪನ ಮೊಪೆಡ್ಡು ಓಡಿಸಿ ಕಲಿತವಳು. ಶಿವಶರಣಪ್ಪನಿಗೆ ಆಗ ಒಂದು ಕ್ಷಣ, ನಮ್ಮೂರಕಡೆ ಇಂಥವರು ನಮ್ಮ ಮನೆಯ ಅಂಗಳದಲ್ಲಿ ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದರಲ್ಲ ಎಂಬ ಹೊಲಸು ಯೋಚನೆ ಬಂತು, ಬಂದದ್ದಕ್ಕೆ ನಾಚಿಕೆಯೂ ಆಯಿತು, ಆ ನಾಚಿಕೆಯಲ್ಲೇ ಎತ್ತಲು ಹೋಗಿ ಪ್ಯಾಂಟಿನ ಹಿಂಬದಿಯ ಹೊಲಿಗೆ ಪರ್ರೆಂದು ಬಿಟ್ಟಿತು. ಬೇವಿನ ಮರದ ಕಡೆಯಿಂದ, ನೀರು ಕುಡೀರಿ ಎಂದು ಸುವರ್ಣಾಳ ದನಿ ಬಂತು. ಹೊಲಿಗೆಯ ಸದ್ದು ಅಲ್ಲಿಯವರೆಗೆ ಕೇಳಿಸಿರಲಾರದು, ಆದರೂ ಅವನು ಆಮೇಲೆ ಆ ಕಡೆಗೆ ಬೆನ್ನು ತಿರುಗಿಸಲೇ ಇಲ್ಲ.

ನಿಜವಾದ ಫಜೀತಿ ಶುರುವಾದದ್ದು ನಿಂತು ಓಡಿಸುವಾಗ. ತಗ್ಗು ದಿನ್ನೆಯ ನೆಲದಲ್ಲಿ ಸೀಟಿನ ಮೇಲೆ ಕೂರಬಾರದು; ಎರಡೂ ಕಾಲು ಕಾಲ್ಮೆಟ್ಟಿನ ಮೇಲೆ, ಮೊಣಕಾಲಿನಿಂದ ಟ್ಯಾಂಕನ್ನು ಗಟ್ಟಿಯಾಗಿ ಅವುಚಿ, ಕೈ ಹಗುರ ಬಿಟ್ಟು, ಕಣ್ಣು ದೂರಕ್ಕೆ. ಕಣ್ಣು ಎಲ್ಲಿಗೋ ಗಾಡಿ ಅಲ್ಲಿಗೆ ಎಂದಳು ಭಾಗ್ಯಶ್ರೀ. ನೆಟ್ಟ ನಾಲ್ಕು ಕಂಬಗಳ ಸುತ್ತ ನಿಧಾನ ಒಂದು ಸುತ್ತು, ಅಷ್ಟೇ ಇದ್ದದ್ದು. ಆಶಿಷ್ ಸುತ್ತಿ ಬಂದ. ಕಲಿಯಲು ಬಂದಿದ್ದ ಇನ್ನಿಬ್ಬರೂ ಸುತ್ತಿ ಬಂದರು. ಶಿವಶರಣಪ್ಪ ಎದ್ದು ನಿಂತ, ಗಾಡಿ ಉರುಳಿತು, ಗಾಳಿ ಹೆಲ್ಮೆಟ್ಟಿನೊಳಗೆ ನುಗ್ಗಿತು, ಆಹಾ ಎನ್ನುವಷ್ಟರಲ್ಲಿ ಎರಡನೆಯ ಕಂಬದ ಹತ್ತಿರ ಏನಾಯಿತೋ ಏನೋ, ನೆಲ ಎದ್ದು ಬಂದು ಭುಜಕ್ಕೆ ಬಡಿಯಿತು. ಮತ್ತೆ ಎದ್ದ, ಮತ್ತೆ ಹೋದ, ಮತ್ತೆ ಬಿದ್ದ. ನಾಲ್ಕನೆಯ ಸಲವಂತೂ ಬೀಳುವುದು ಎಷ್ಟು ಅಭ್ಯಾಸವಾಗಿತ್ತೆಂದರೆ, ಬೀಳುತ್ತ ಬೀಳುತ್ತಲೇ ಮೇಲೆ ಹಾರುತ್ತಿದ್ದ ವಿಮಾನದ ಹೊಟ್ಟೆ ನೋಡಿದ. ಅದರ ಚಕ್ರಗಳು ಹೊರಗೆ ಬಂದಿದ್ದವು. ಅಲ್ಲಿ ಕೂತವರೆಲ್ಲ ಕಿಟಕಿಯಿಂದ ತನ್ನನ್ನೇ ನೋಡುತ್ತಿದ್ದಾರೆ, ಇಳಿದ ಮೇಲೆ ಮನೆಯಲ್ಲಿ ಹೇಳುತ್ತಾರೆ, ಅನ್ನಿಸಿತು. ಬಿದ್ದಾಗೆಲ್ಲ ಅವನ ಕಣ್ಣು ಮೊದಲು ಗಾಡಿಯ ಮೇಲೆ: ಇಂಡಿಕೇಟರು, ಕ್ಲಚ್ಚಿನ ಕಡ್ಡಿ, ಸೈಲೆನ್ಸರು. ಈಗ ಗೀರು ಎಣಿಸುವುದನ್ನು ಬಿಟ್ಟಿದ್ದ, ಗೀರು ಇಲ್ಲದ ಜಾಗ ಯಾವುದೆಂದು ಹುಡುಕುತ್ತಿದ್ದ. ಭಾಗ್ಯಶ್ರೀ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. ಬಲಗೈ ಯಾಕೆ ಬಿಡುತ್ತೀರಿ ಎಂದು ಕೇಳಿದಳು. ತಾನು ಬಿಡುತ್ತಿಲ್ಲ ಎಂದ ಇವನು. ಬಿಡುತ್ತೀರಿ ಎಂದಳು. ಇಪ್ಪತ್ತೈದು ವರ್ಷದಿಂದ ಗಾಡಿ ಓಡಿಸುತ್ತಿದ್ದೇನೆ, ಹ್ಯಾಂಡಲ್ ಬಿಡುವಷ್ಟು ದಡ್ಡ ನಾನಲ್ಲ ಎಂದು ಇವನು ಸ್ವಲ್ಪ ದನಿ ಏರಿಸಿಯೇ ಹೇಳಿದ. ಅವಳು ವಾದ ಮಾಡಲಿಲ್ಲ, ಆಶಿಷನ ಕಡೆ ಕೈ ಚಾಚಿದಳು. ಅವನ ನೆತ್ತಿಯ ಕ್ಯಾಮರಾ ಎಲ್ಲವನ್ನೂ ತೆಗೆದಿತ್ತು.

ಮೊಬೈಲಿನ ಅಂಗೈಯಗಲದ ಪರದೆಯ ಮೇಲೆ ಶಿವಶರಣಪ್ಪ ತನ್ನನ್ನು ತಾನು ನೋಡಿದ. ಯಾರೋ ದಪ್ಪ ಮನುಷ್ಯ, ಮೊಣಕಾಲಿನ ಕವಚ ಪಕ್ಕಕ್ಕೆ ಜರುಗಿ ಮೀನಖಂಡದ ಮೇಲೆ ಬಂದಿದೆ. ನಿಂತಿದ್ದಾನೆ, ಪರವಾಗಿಲ್ಲ, ಚೆನ್ನಾಗಿಯೇ ನಿಂತಿದ್ದಾನೆ. ಎರಡನೆಯ ಕಂಬದ ಹತ್ತಿರ ಗಾಡಿ ಸ್ವಲ್ಪ ಕುಲುಕುತ್ತದೆ, ಬೂಟುಗಾಲು ಟ್ಯಾಂಕಿಗೆ ತಾಗುತ್ತದೆ. ತಾಗಿದ್ದೇ, ಬಲಗೈ ಎಕ್ಸ್‌ಲೇಟರನ್ನು ಬಿಟ್ಟು, ಟ್ಯಾಂಕನ್ನು ಮುಟ್ಟಿ, ಮೇಲೆ ಬಂದು, ಹೆಲ್ಮೆಟ್ಟಿನ ಗಾಜಿಗೆ ಎರಡು ಸಲ ಟಕಟಕ ಎಂದು ಬಡಿಯುತ್ತದೆ. ಕಣ್ಣಿಗೊತ್ತಿಕೊಳ್ಳುವುದು. ಆಮೇಲೆ ಆ ದಪ್ಪ ಮನುಷ್ಯ ಬೀಳುತ್ತಾನೆ. ಆಶಿಷ್ ಅದನ್ನು ಮತ್ತೆ ಹಿಂದಕ್ಕೆ ಎಳೆದು ತೋರಿಸಿದ. ನಾಲ್ಕು ಸಲವೂ ಅದೇ: ಕಾಲು ತಾಗುವುದು, ಮುಟ್ಟಿ ನಮಸ್ಕಾರ, ನೆಲ. ಆಶಿಷ್ ನಗು ತಡೆಯಲಾಗದೆ ಮಣ್ಣಿನಲ್ಲೇ ಕೂತುಬಿಟ್ಟ. ಶಿವಶರಣಪ್ಪನಿಗೆ ಮೈಯೆಲ್ಲ ಬಿಸಿಯಾಯಿತು. ಗಾಡಿ ಮನೆಗೆ ಬಂದ ದಿನ ಸುವರ್ಣಾ ಅದಕ್ಕೆ ಆರತಿ ಎತ್ತಿ, ಟ್ಯಾಂಕಿನ ಮೇಲೆ ಮೂರು ಬೆರಳಿನ ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟಿದ್ದಳು. ಪ್ರತಿ ಸೋಮವಾರ ಅದನ್ನು ಹೊಸದಾಗಿ ಎಳೆಯುತ್ತಿದ್ದಳು. ವಿಭೂತಿ ಹಚ್ಚಿಕೊಂಡ ವಸ್ತುವನ್ನು ಬೂಟುಗಾಲಲ್ಲಿ ಒದ್ದು ಸುಮ್ಮನಿರಲು ಅವನ ಕೈಗೆ ಯಾರೂ ಕಲಿಸಿರಲಿಲ್ಲ. ಪುಸ್ತಕಕ್ಕೆ, ಅಕ್ಕಿಯ ಚೀಲಕ್ಕೆ, ಬಸ್ಸಿನಲ್ಲಿ ಪಕ್ಕದವನ ಕಾಲಿಗೆ, ಎಲ್ಲದಕ್ಕೂ ಹೋಗುವ ಕೈ ಅದು. ಅದು ಅವನನ್ನು ಕೇಳಿಕೊಂಡು ಹೋಗುತ್ತಿರಲಿಲ್ಲ.

ಬೆನ್ನ ಹಿಂದೆ ಛತ್ರಿಯ ನೆರಳು ಬಂದು ನಿಂತಿತು. ಸುವರ್ಣಾ ಅವನ ಭುಜದ ಮೇಲಿನಿಂದ ಪರದೆ ನೋಡುತ್ತಿದ್ದಳು. ಅವನು ತಲೆ ಎತ್ತಲಿಲ್ಲ, ಅವಳೂ ನಗುತ್ತಾಳೆಂದು ಕಾದ. ಅವಳು ನಗಲಿಲ್ಲ.

“ಅವತ್ತೂ ಹಿಂಗ ಮಾಡಿದ್ರಿ,” ಎಂದಳು. “ನಾ ಉಸುಕಿನ್ಯಾಗ ಬಿದ್ದಿದ್ದೆ. ನಿಮ್ಮ ಕಾಲು ಸ್ಕೂಟರಿಗಿ ತಾಗ್ತು. ಮೊದಲ ಅದಕ್ಕ ನಮಸ್ಕಾರ ಮಾಡಿದ್ರಿ, ಆಮ್ಯಾಲ ನನ್ನ ಕಡಿ ಬಂದ್ರಿ.”

ಇಲ್ಲ ಎನ್ನಲು ಅವನು ಬಾಯಿ ತೆರೆದ. ಆದರೆ ಬೆರಳ ತುದಿಗೆ ಆ ಸ್ಕೂಟರಿನ ಬಿಸಿ ತಗಡು ತಾಗಿತು, ಹದಿನಾಲ್ಕು ವರ್ಷದ ಮೇಲೆ, ಈಗ ಮುಟ್ಟಿದಷ್ಟು ಸ್ಪಷ್ಟವಾಗಿ. ಮುಟ್ಟಿದ್ದು ಹೌದು. ಕಣ್ಣಿಗೊತ್ತಿಕೊಂಡದ್ದು ಹೌದು. ಸ್ಟ್ಯಾಂಡು ಹಾಕಿದ್ದು ಕೂಡ ನೆನಪಿಗೆ ಬಂತು, ಎರಡು ಸಲ ಅಲುಗಿಸಿ ನೋಡಿ ಗಟ್ಟಿ ನಿಂತಿದೆಯೆಂದು ಖಾತ್ರಿ ಮಾಡಿಕೊಂಡದ್ದು. ಅಷ್ಟು ಹೊತ್ತೂ ಅವಳು ಅಲ್ಲಿ ಕೂತೇ ಇದ್ದಳು, ಮೊಣಕೈ ಹಿಡಿದುಕೊಂಡು, ಇವನನ್ನು ನೋಡುತ್ತ. ನಿನಗೆ ಪೆಟ್ಟಾಗಿರಲಿಲ್ಲವಲ್ಲ ಎಂದ, ಹೇಳಿದ ಕೂಡಲೇ ನಾಲಿಗೆ ಕಚ್ಚಿಕೊಂಡ. ಪೆಟ್ಟಾಗಿರಲಿಲ್ಲ ಎಂದು ಅವಳು ಒಪ್ಪಿಕೊಂಡಳು. ಬೀಳುವ ಅಂಜಿಕೆ ತನಗೆ ಯಾವತ್ತೂ ಇರಲಿಲ್ಲ ಎಂದೂ ಅಂದಳು, ಮಾರ್ಕೆಟ್ಟಿನಲ್ಲಿ ಬದನೆಕಾಯಿ ಚೆನ್ನಾಗಿರಲಿಲ್ಲ ಎನ್ನುವ ದನಿಯಲ್ಲಿ, ಮತ್ತು ಊಟದ ಡಬ್ಬಿ ಬಿಚ್ಚಲು ಹೋದಳು. ಹಾಗಾದರೆ ಈ ಹದಿನಾಲ್ಕು ವರ್ಷ ಊರಿಗೆಲ್ಲ ಅವನು ಹೇಳಿಕೊಂಡು ತಿರುಗಿದ್ದು ಸುಳ್ಳು, ಅವಳು ಪಕ್ಕದಲ್ಲೇ ನಿಂತು ಸುಮ್ಮನೆ ಕೇಳಿಸಿಕೊಂಡದ್ದೂ ನಿಜ. ಶಿವಶರಣಪ್ಪನಿಗೆ ಅಳು ಬಂದಂತಾಯಿತು. ಹೆಲ್ಮೆಟ್ಟು ತೆಗೆದಿದ್ದನ್ನು ಮತ್ತೆ ಹಾಕಿಕೊಂಡ.

ಊಟಕ್ಕೆ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ, ಮೊಸರು. ಸುವರ್ಣಾ ನಾಲ್ಕು ಜನಕ್ಕಾಗುವಷ್ಟು ತಂದಿದ್ದಳು. ಭಾಗ್ಯಶ್ರೀ ರೊಟ್ಟಿ ಮುರಿಯುತ್ತಲೇ ತಾನು ಕಲಿಸುವವಳು ಎಂಬುದನ್ನು ಮರೆತು, ಅಕ್ಕಾರ, ಇನ್ನೊಂದೀಟು ಚಟ್ನಿ ಎಂದು ಕೈ ನೀಡಿದಳು. ಆಶಿಷ್ ಮೊಬೈಲಿನಲ್ಲಿ ಬೇರೇನೋ ತರಿಸಿಕೊಳ್ಳಲು ನೋಡಿ, ಇಲ್ಲಿಗೆ ಯಾರೂ ತಂದುಕೊಡುವುದಿಲ್ಲವೆಂದು ಗೊತ್ತಾಗಿ, ಎರಡು ರೊಟ್ಟಿ ಗಪಗಪನೆ ತಿಂದ. ಹೆಂಗಸರಿಬ್ಬರೂ ದೇವದುರ್ಗದ ಬಸ್‌ಸ್ಟ್ಯಾಂಡಿನ ಮಿರ್ಚಿ ಬಜ್ಜಿಯ ವಿಷಯ ಶುರುಮಾಡಿ, ಹುಟ್ಟಿದಾಗಿನಿಂದ ಗೊತ್ತಿದ್ದವರಂತೆ ಮಾತಾಡುತ್ತಿದ್ದರು. ಶಿವಶರಣಪ್ಪ ಮಾತ್ರ ಆಚೆ ಮುಖ ಮಾಡಿ, ಗಾಡಿಯನ್ನು ನೋಡುತ್ತ ತಿಂದ. ಧೂಳು ಹತ್ತಿ ಹತ್ತಿ ಗಾಡಿಯ ಮೂತಿಯಿಂದ ಬಾಲದವರೆಗೆ ಬೂದಿ ಬಣ್ಣ ಬಂದಿತ್ತು. ವಿಭೂತಿ ಎಲ್ಲಿತ್ತು, ಧೂಳು ಎಲ್ಲಿತ್ತು ಹೇಳಲು ಬರುವಂತಿರಲಿಲ್ಲ. ಬಟ್ಟೆ ತಂದು ಒರೆಸಿಬಿಡಲೇ ಎಂದು ಅವನೇ ಕೇಳಿದ. ಒರೆಸಿದರೂ ಕೈ ಹೋಗೇ ಹೋಗುತ್ತದೆ ಎಂದಳು ಭಾಗ್ಯಶ್ರೀ. ಹತ್ತು ವರ್ಷದಿಂದ ಕಲಿಸುತ್ತಿದ್ದೇನೆ, ಬ್ರೇಕು ಹಿಡಿಯುವವರನ್ನು ನೋಡಿದ್ದೇನೆ, ಕಣ್ಣು ಮುಚ್ಚುವವರನ್ನು ನೋಡಿದ್ದೇನೆ, ಓಡುವ ಗಾಡಿಗೆ ನಮಸ್ಕಾರ ಮಾಡುವವರಿಗೆ ಏನು ಮದ್ದೋ ನನಗೆ ಗೊತ್ತಿಲ್ಲ ಎಂದು ಕೈಚೆಲ್ಲಿದಳು. ಇನ್ನುಳಿದದ್ದು ಇಳಿಜಾರು. ಅಲ್ಲಿ ಕೈ ಬಿಟ್ಟರೆ ಮೂಳೆ ಮುರಿಯುತ್ತದೆ, ಕಾಕಾನನ್ನು ತಾನು ಅಲ್ಲಿಗೆ ಬಿಡುವುದಿಲ್ಲ ಎಂದಳು. ಅಲ್ಲಿಗೆ ಮುಗಿಯಿತು ಎಂದುಕೊಂಡ ಶಿವಶರಣಪ್ಪ. ಸಂಜೆ ಮುಂದೆ ತಾನು, ಹಿಂದೆ ಬಿಳಿ ಕ್ಯಾಬು, ಸಾಯುವವರೆಗೂ ಹೀಗೇ.

ಮೊಸರಿನ ಡಬ್ಬಿಯ ಮುಚ್ಚಳ ಹಾಕುತ್ತಿದ್ದ ಸುವರ್ಣಾ ಅದಕ್ಕೆ ಯಾಕೆ ಇಷ್ಟು ವಿಚಾರ ಎನ್ನುವಂತೆ ಹೇಳಿದಳು:

“ಮುಂಜಾನೆ ಎದ್ದು ಭೂಮಿತಾಯಿಗಿ ಒಮ್ಮೆ ಕೈ ಮುಗೀತೀವಿಲ್ಲೋ, ದಿನಾ ತುಳಿತೀವಿ ತಪ್ಪಾತು ಅಂತ? ಹಂಗ ಇದಕ್ಕೂ ಈಗ ಒಮ್ಮೆಲೆ ಮಾಡಿಬಿಡ್ರಿ. ಸಂಜಿತನಕದ್ದು ಎಲ್ಲಾ ಮುಂಗಡ.”

ಭಾಗ್ಯಶ್ರೀ ರೊಟ್ಟಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು. ಇದು ನಡೆದೀತು ಎಂದಳು. ನಡೆದೀತು ಎಂದದ್ದು ಇಬ್ಬರು ಹೆಂಗಸರು, ನಡೆಯಬೇಕಾದದ್ದು ಶಿವಶರಣಪ್ಪ. ಆಶಿಷನ ನೆತ್ತಿಯ ಕ್ಯಾಮರಾದ ಕೆಂಪು ದೀಪ ಉರಿಯುತ್ತಿತ್ತು. ತಪಾಸಣೆ ವಿಭಾಗದ ಹಿರಿಯ ನೌಕರ, ಹದಿನೆಂಟು ವರ್ಷದ ಮಗಳ ತಂದೆ, ಹರಿದ ಪ್ಯಾಂಟಿನ ಮನುಷ್ಯ, ಎಲ್ಲರೆದುರು ಗಾಡಿಯ ಮುಂದೆ ಹೋಗಿ ನಿಂತ. ಮೊದಮೊದಲು ನಾಚಿಕೆಗೆ ತುಟಿ ಅಲ್ಲಾಡಿಸಿದ ಅಷ್ಟೆ. ಆಮೇಲೆ ಕೈ ಜೋಡಿಸಿದ. ಬೂಟು ತಾಗುತ್ತದೆ, ಮೊಣಕಾಲು ತಾಗುತ್ತದೆ, ಬಿದ್ದರೆ ಇನ್ನೂ ಏನೇನೋ ತಾಗುತ್ತದೆ, ಎಲ್ಲದಕ್ಕೂ ಈಗಲೇ ತಪ್ಪಾಯಿತು ಎಂದು ಮನಸ್ಸಿನಲ್ಲಿ ಹೇಳಿಕೊಂಡ. ಹೇಳಿಕೊಳ್ಳುತ್ತ ಹೋದಂತೆ ಅದು ಗಾಡಿಗೆ ಹೇಳುತ್ತಿರುವ ಮಾತೇ ಅಲ್ಲ ಅನ್ನಿಸತೊಡಗಿತು. ಟ್ಯಾಂಕಿನ ಮೇಲೆ ಹಣೆ ಇಟ್ಟ. ಬಿಸಿಲಿಗೆ ಕಾದು ಸುಡುತ್ತಿತ್ತು, ಹಾಗೆಯೇ ಸ್ವಲ್ಪ ಹೊತ್ತು ಇಟ್ಟುಕೊಂಡಿದ್ದ. ಅಷ್ಟು ಸಾಕು ಕಾಕಾ ಎಂದಳು ಭಾಗ್ಯಶ್ರೀ, ಈ ಸಲ ಮೆಲ್ಲಗೆ.

ಮತ್ತೆ ಕಂಬಗಳ ಸುತ್ತ ಹೋದ. ಎರಡನೆಯ ಕಂಬದ ಹತ್ತಿರ ಬೂಟು ತಾಗಿತು. ಬಲಗೈ ಜುಮ್ಮೆಂದಿತು, ಏಳುವುದಕ್ಕೆ ನೋಡಿತು. ಕೊಟ್ಟಾಗಿದೆ ಎಂದು ಅವನು ಅದಕ್ಕೆ ಹೇಳಿದ, ಬಾಯಿಬಿಟ್ಟೇ ಹೇಳಿದ. ಕೈ ಅನುಮಾನದಿಂದ ಅಲ್ಲೇ ಉಳಿಯಿತು. ಮೂರನೆಯ ಕಂಬ, ನಾಲ್ಕನೆಯದು. ಮೊಣಕಾಲಿನಿಂದ ಟ್ಯಾಂಕನ್ನು ಗಟ್ಟಿ ಅವುಚಿದ, ಏನೂ ಆಗಲಿಲ್ಲ, ಆಕಾಶ ಕಳಚಿ ಬೀಳಲಿಲ್ಲ, ಅವನೂ ಬೀಳಲಿಲ್ಲ. ಸುತ್ತು ಮುಗಿದರೂ ನಿಲ್ಲಿಸಲು ಮನಸ್ಸು ಬಾರದೆ ಇನ್ನೆರಡು ಸುತ್ತು ಹೊಡೆದ. ಕೊಟ್ಟಾಗಿದೆ, ಕೊಟ್ಟಾಗಿದೆ ಎಂದು ಕೂಗುತ್ತ ಹೋದ ಈ ಮನುಷ್ಯ ಯಾರಿಗೆ ಏನು ಕೊಟ್ಟನೋ ಎಂದು ಉಳಿದಿಬ್ಬರು ಕಲಿಯುವವರು ಮುಖ ಮುಖ ನೋಡಿಕೊಂಡರು.

ಇಳಿಜಾರು ಎಂದರೆ ಎರಡಾಳೆತ್ತರದ ಮಣ್ಣಿನ ದಿಬ್ಬ, ಮೈತುಂಬ ಸಡಿಲ ಜಲ್ಲಿ. ಮೇಲೆ ನಿಂತು ನೋಡಿದರೆ ಜೀವ ಬಾಯಿಗೆ ಬಂತು. ಜಾರಿದರೆ ಗಾಡಿಯನ್ನು ಹಿಡಿದು ನಿಲ್ಲಿಸಲು ಹೋಗಬೇಡಿ, ಬಿಟ್ಟು ದೂರ ಹಾರಿ, ಗಾಡಿ ಬೇರೆ ಸಿಗುತ್ತದೆ ಎಂದು ಭಾಗ್ಯಶ್ರೀ ಎರಡೆರಡು ಸಲ ಹೇಳಿದಳು. ಇಳಿದ. ಅರ್ಧಕ್ಕೆ ಬರುವಷ್ಟರಲ್ಲಿ ಮುಂದಿನ ಚಕ್ರ ಎಡಕ್ಕೆ ಜಾರಿತು, ಮತ್ತು ಆ ಒಂದು ಗಳಿಗೆಯಲ್ಲಿ ಶಿವಶರಣಪ್ಪನ ಮೈಯೊಳಗಿನ ಹಳೆಯ ಮನುಷ್ಯ ಎರಡೂ ಕಾಲು ಊರಿ ಹಲ್ಲು ಕಚ್ಚಲು ಸಿದ್ಧನಾದ. ಹಿಡಿದರೆ ನಿಲ್ಲುತ್ತಿತ್ತೋ ಏನೋ. ಅವನು ಹಿಡಿಯಲಿಲ್ಲ. ಎರಡೂ ಕೈ ಬಿಚ್ಚಿ ಬಲಕ್ಕೆ ಉರುಳಿದ. ಗಾಡಿ ಕರಕರ ಸದ್ದು ಮಾಡುತ್ತ ಒಂದೇ ಸಮನೆ ಕೆಳಗೆ ಹೋಯಿತು, ಏನೋ ಮುರಿದ ಸದ್ದೂ ಬಂತು. ಅವನು ಜಲ್ಲಿಯ ಮೇಲೆ ಅಂಗಾತ ಮಲಗಿ ಆಕಾಶ ನೋಡಿದ. ಏನು ಮುರಿಯಿತು ಎಂದು ತಿರುಗಿ ನೋಡಬೇಕು ಅನ್ನಿಸಲೇ ಇಲ್ಲ, ಅದು ಅವನಿಗೇ ಆಶ್ಚರ್ಯವಾಯಿತು. ಸುಖ ಎಂದರೆ ಸುಖ. ಮುರಿದದ್ದು ಎಡಗಡೆಯ ಕನ್ನಡಿ, ಎರಡಿಂಚಿನ ಗೀರಿನದು. ಮುಂದಿನ ಸಲ ಅವನು ಬೀಳದೆ ಇಳಿದ.

ಸಂಜೆ ಐದಕ್ಕೆ ಭಾಗ್ಯಶ್ರೀ ಎಲ್ಲರ ಕೈ ಕುಲುಕಿ, ಕಾಕಾ ಇನ್ನೊಂದು ಭಾನುವಾರ ಬರಬೇಕು ಎಂದಳು. ಬರುತ್ತೇನೆ ಎಂದ. ಮೈಯಲ್ಲಿ ನೋಯದ ಜಾಗವಿರಲಿಲ್ಲ. ಬೇವಿನ ಮರದ ಕಡೆ ನಡೆಯುತ್ತ ನಡೆಯುತ್ತ ಅವನಿಗೆ ಒಂದು ತೀರ್ಮಾನ ಬಂತು: ಈ ದಿನ ಸುವರ್ಣಾಳನ್ನು ಕೂರು ಎಂದು ಕೇಳಬಾರದು. ಇಷ್ಟು ವರ್ಷ ಕೇಳಿದ್ದೆಲ್ಲ ಅವಳ ಅಂಜಿಕೆಯನ್ನು ಕೇಳಿದ್ದು, ಅದು ಇರಲೇ ಇಲ್ಲ. ಯಾವುದಿತ್ತೋ ಅದಕ್ಕೆ ಒಂದು ದಿನದ ಪಾಠ ಸಾಲದು. ಮೊಬೈಲು ತೆಗೆದು ಕ್ಯಾಬು ಹುಡುಕತೊಡಗಿದ. ಎಂಟು ನಿಮಿಷದಲ್ಲಿ ಬರುತ್ತದೆ ಎಂದು ತೋರಿಸಿತು.

“ಅದನ್ನ ಇಡ್ರಿ ಒಳಗ,” ಎಂದಳು ಸುವರ್ಣಾ. ಭಾಗ್ಯಶ್ರೀ ಅವಳ ಕೈಗೆ ಒಂದು ಹೆಲ್ಮೆಟ್ಟು ಕೊಡುತ್ತಿದ್ದಳು, ಮುಂದಿನ ವಾರ ತಂದುಕೊಡಿ ಅಕ್ಕಾರ ಎನ್ನುತ್ತ. ಊಟದ ಡಬ್ಬಿಯನ್ನು ಆಗಲೇ ಗಾಡಿಯ ಹಿಂದಿನ ಸರಳಿಗೆ ಹಗ್ಗ ಹಾಕಿ ಬಿಗಿದಿದ್ದರು.

ಶಿವಶರಣಪ್ಪ ತಲೆ ಎತ್ತಿದ. ಸುವರ್ಣಾ ಚೂಡಿದಾರ ಹಾಕಿಕೊಂಡಿದ್ದಳು. ಮಗಳದು, ನೀಲಿ ಬಣ್ಣದ್ದು, ತೋಳಿನ ಹತ್ತಿರ ಸ್ವಲ್ಪ ಬಿಗಿ. ಕಾಲಿಗೆ ಮಗಳ ಬಿಳಿ ಕ್ಯಾನ್ವಾಸ್ ಬೂಟು, ಲಾಡಿಗೆ ಎರಡೆರಡು ಗಂಟು. ದುಪಟ್ಟಾವನ್ನು ಚಕ್ರಕ್ಕೆ ಸಿಗದ ಹಾಗೆ ಸೊಂಟಕ್ಕೆ ಸುತ್ತಿ ಕಟ್ಟಿದ್ದಳು. ಮೆಟ್ರೋ ಹತ್ತುವಾಗಲೂ ಸೀರೆ ಬಿಡದವಳು. ಕೂದಲೆಳೆಯಷ್ಟು ಗೀರು ಹಿಡಿಯುವ ಕಣ್ಣು ಅವನದು. ಆ ಕಣ್ಣಿನಿಂದ ಅವನು ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿದ, ಮತ್ತೆ ತಲೆಯಿಂದ ಕಾಲಿನವರೆಗೆ. ಅವನು ಗಾಡಿ ಹತ್ತಿದ ಮೇಲೆ ಅವಳು ಅವನ ಭುಜ ಹಿಡಿದು, ಕಾಲ್ಮೆಟ್ಟಿನ ಮೇಲೆ ಕಾಲಿಟ್ಟು, ಒಂದು ಸಲಕ್ಕೆ ಆಗದೆ ಎರಡನೆಯ ಸಲಕ್ಕೆ ಹತ್ತಿ ಕೂತಳು.

“ಈ ಬಟ್ಟಿ ಯಾವಾಗ ಹಾಕ್ಕೊಂಡಿ?” ಎಂದು ಕೇಳಿದ.

“ಮುಂಜಾನೆ ಐದಕ್ಕ,” ಎಂದಳು ಸುವರ್ಣಾ, ಹೆಲ್ಮೆಟ್ಟಿನ ಪಟ್ಟಿ ಹಾಕಿಕೊಳ್ಳುತ್ತ. “ನೀವು ಕೆಳಗ ಟೈರಿನ ಗಾಳಿ ನೋಡಾಕತ್ತಿದ್ರಿ.”